ರೈಸ್ ಸಾಹೇಬರ ಪ್ರೈಮರಿ ಕೀ

ಡಿಬಿಎಂಎಸ್ ಪುಸ್ತಕ ತೆರೆದರೆ ಮೊದಲು ಸಿಗುವುದು ಎಂಪ್ಲಾಯಿ ಟೇಬಲ್, ಅದರ ಬೆನ್ನಿಗೇ ಡಿಪಾರ್ಟ್‌ಮೆಂಟ್ ಟೇಬಲ್. ಯಾವ ಪುಸ್ತಕ ತೆಗೆದರೂ ಅದೇ ಉದ್ಯೋಗಿಗಳು, ಅದೇ ಸಂಬಳ. ಕ್ಯಾಂಪಸ್ ಸಂದರ್ಶನಕ್ಕೆಂದು ನಾರ್ಮಲೈಸೇಷನ್‌ನ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತೇವೆ, ಸಂದರ್ಶನ ಮುಗಿದ ಮರುದಿನ ಮರೆಯುತ್ತೇವೆ. ನನಗೆ ಅವು ನಿಜವಾಗಿ ತಲೆಗೆ ಹತ್ತಿದ್ದು ಕಂಪ್ಯೂಟರನ್ನೇ ಕಾಣದ ಒಬ್ಬರ ಬದುಕನ್ನು ಓದುವಾಗ. ಅವರು ಬೆಂಜಮಿನ್ ಲೂಯಿಸ್ ರೈಸ್. ಬಿ.ಎಲ್. ರೈಸ್ ಎಂದರೆ ನಿಮಗೆ ನೆನಪಾದೀತು. ಒಂದು ಅಂಕದ ಪ್ರಶ್ನೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂದು ಉತ್ತರ ಬರೆದು ನಾವೆಲ್ಲ ದಾಟಿ ಬಂದ ಹೆಸರು ಅದು.

ನಮ್ಮ ಮಿನಿ ಪ್ರಾಜೆಕ್ಟ್ ತಂಡದಲ್ಲಿ ನಾಲ್ವರು. ಒಬ್ಬ ಚಿತ್ರದುರ್ಗದವ, ಒಬ್ಬಳು ಹಿರಿಯೂರಿನವಳು, ಇನ್ನೊಬ್ಬ ಹೊಳಲ್ಕೆರೆಯವ, ನಾನು ಹೊಸದುರ್ಗದವ. ಲೈಬ್ರರಿ, ಹಾಸ್ಟೆಲ್, ಆಸ್ಪತ್ರೆ ಅಂತ ಪ್ರತಿ ವರ್ಷ ಎಲ್ಲರೂ ಮಾಡುವ ಡೇಟಾಬೇಸ್ ಬೇಡ, ನಮ್ಮ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಟೇಬಲ್‌ಗೆ ಇಳಿಸೋಣ ಎಂದುಕೊಂಡೆವು. ಅದಕ್ಕೆ ಆಧಾರ ರೈಸ್ ಅವರ 11ನೇ ಸಂಪುಟ, ಅಂದರೆ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟ. ಅದನ್ನು ತಿರುವಿ ಹಾಕುತ್ತಾ ಹೋದ ಹಾಗೆ, ಶಾಸನಗಳಷ್ಟೇ ಅವನ್ನು ಜೋಡಿಸಿಟ್ಟ ಮನುಷ್ಯನ ಮೇಲೂ ಕುತೂಹಲ ಹುಟ್ಟಿತು.

ರೈಸ್ ಹುಟ್ಟಿದ್ದು 1837ರ ಜುಲೈನಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. ಹಾಗಾಗಿ ಕನ್ನಡ ಅವರಿಗೆ ದೊಡ್ಡವರಾದ ಮೇಲೆ ಕಲಿತ ಪರದೇಶದ ಭಾಷೆಯಲ್ಲ, ಹುಟ್ಟೂರಿನ ಭಾಷೆ. ಇಂಗ್ಲೆಂಡಿನಲ್ಲಿ ಪದವಿ ಮುಗಿಸಿ 1860ರಲ್ಲಿ ಮರಳಿ ಬಂದು ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಸ್ಥರಾದರು. ಆಗ ಅವರಿಗೆ 23 ವರ್ಷ, ನನಗಿಂತ ಮೂರು ವರ್ಷ ದೊಡ್ಡವರು ಅಷ್ಟೆ. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಯಿತು. ನಂತರ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಶಾಲೆ ತಪಾಸಣೆ ಎಂದರೆ ಆ ಕಾಲಕ್ಕೆ ಕುದುರೆಯ ಮೇಲೆ ಊರೂರು ಸುತ್ತುವುದು. ಊರ ಮುಂದೆ, ಕೆರೆ ಏರಿಯ ಮೇಲೆ, ಗುಡಿಯ ಬಾಗಿಲಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ನಮ್ಮ ಕಣ್ಣಿಗೂ ಅವು ಬೀಳುತ್ತವೆ. ಬಸ್ಸಿಗೆ ಕಾಯುವಾಗ ಅದಕ್ಕೇ ಒರಗಿ ನಿಲ್ಲುತ್ತೇವೆ.

ಅದಕ್ಕೂ ಮೊದಲೇ ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಸಂಸ್ಥಾನದ ಸುಮಾರು 150 ಶಾಸನಗಳ ಫೋಟೊ ತೆಗೆದಿದ್ದರು. ಅವನ್ನು ಓದಿ ಅನುವಾದಿಸುವ ಕೆಲಸ ರೈಸ್ ಪಾಲಿಗೆ ಬಂತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರಬಂತು. ನಡುವೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದರು. 1881ರ ಮೈಸೂರು ಜನಗಣತಿಯ ವರದಿಯೂ ಅವರದೇ. ಈ ಕೊನೆಯದನ್ನು ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ನನಗೆ ಅದೇ ಮುಖ್ಯ ಅನ್ನಿಸಿತು. ಜನಗಣತಿ ಮಾಡಿದವನಿಗೆ ಒಂದು ಜೀವವನ್ನು ಎರಡು ಸಲ ಎಣಿಸಬಾರದು, ಒಂದನ್ನೂ ಬಿಡಬಾರದು ಎಂಬ ಭಯ ಇರುತ್ತದೆ. ಆ ಭಯವೇ ಟೇಬಲ್ ಡಿಸೈನ್‌ನ ಅರ್ಧ ಪಾಠ.

1885ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾಯಿತು. ಮೊದಲು ಬೇರೆ ಕೆಲಸದ ಜೊತೆಗೆ ಇದನ್ನು ನೋಡಿಕೊಳ್ಳುತ್ತಿದ್ದ ರೈಸ್ 1890ರಿಂದ ಪೂರ್ಣಾವಧಿ ನಿರ್ದೇಶಕರಾದರು. 1906ರಲ್ಲಿ ನಿವೃತ್ತರಾಗುವ ಹೊತ್ತಿಗೆ ಕೊಡಗನ್ನೂ ಸೇರಿಸಿ 12 ಸಂಪುಟ, ಸುಮಾರು 9 ಸಾವಿರ ಶಾಸನಗಳು. ಕಲ್ಲು ಹುಡುಕಿದವರು, ಅಚ್ಚು ತೆಗೆದವರು, ಹಳಗನ್ನಡ–ಸಂಸ್ಕೃತ ಓದಿ ಹೇಳಿದ ಪಂಡಿತರು ಅನೇಕರಿದ್ದರು. ಮುಖಪುಟದಲ್ಲಿ ಮಾತ್ರ ಒಂದೇ ಹೆಸರು. ಇವತ್ತಿನ ಲೆಕ್ಕದಲ್ಲಿ ಅದು ಸರಿಯಲ್ಲ, ಹೇಳದೆ ಇರಲಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. 9 ಸಾವಿರ ಕಲ್ಲು–ತಾಮ್ರಪಟಗಳನ್ನು ಒಂದರಿಂದ ಒಂದು ಬೇರೆ ಎಂದು ಗುರುತಿಸುವುದು ಹೇಗೆ? ಅಂದರೆ ಪ್ರೈಮರಿ ಕೀ ಯಾವುದು?

ರಾಜನ ಹೆಸರು ಆಗಬಹುದೇ? ಒಬ್ಬ ರಾಜನಿಗೆ ನೂರು ಶಾಸನ. ಎಷ್ಟೋ ವೀರಗಲ್ಲುಗಳಲ್ಲಿ ರಾಜನೇ ಇಲ್ಲ. ಕಾಲ ಆಗಬಹುದೇ? ಎಷ್ಟೋ ಶಾಸನಗಳಲ್ಲಿ ತೇದಿಯೇ ಇಲ್ಲ, ಅಂದರೆ ನಲ್; ಇದ್ದರೂ ಅದರ ಮೇಲೆ ಜಗಳ. ರೈಸ್ ಅವರೇ ಆ ಜಗಳದಲ್ಲಿ ಸಿಕ್ಕಿಬಿದ್ದವರು. ಗಂಗರ ತಾಮ್ರಪಟಗಳು ಪ್ರಾಚೀನವೆಂದು ಇವರು ನಂಬಿದರೆ, ಮುಂಬೈ ಕಡೆಯ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವುಗಳಲ್ಲಿ ಅನೇಕವು ಖೋಟಾ ಎಂದು ವಾದಿಸಿದರು. ಕಾಲಾನುಕ್ರಮದಲ್ಲಿ ನಂಬರ್ ಕೊಟ್ಟಿದ್ದರೆ, ವಾದದಲ್ಲಿ ಒಂದು ತಾಮ್ರಪಟ ಸೋತ ದಿನ ಅದರ ಹಿಂದಿನ ನಂಬರುಗಳೆಲ್ಲ ಪಲ್ಲಟವಾಗುತ್ತಿದ್ದವು. ಊರಿನ ಹೆಸರು? ಒಂದೇ ಊರಲ್ಲಿ ಹತ್ತು ಶಾಸನ, ಒಂದೇ ಹೆಸರಿನ ಹತ್ತು ಹೊಸಹಳ್ಳಿ.

ರೈಸ್ ಆರಿಸಿದ್ದು ತಾಲ್ಲೂಕು ಮತ್ತು ಆ ತಾಲ್ಲೂಕಿನೊಳಗಿನ ಕ್ರಮಸಂಖ್ಯೆ. ಪುಸ್ತಕದ ಭಾಷೆಯಲ್ಲಿ ಇದು ಕಾಂಪೋಸಿಟ್ ಕೀ. ಕಲ್ಲು ಏನು ಹೇಳುತ್ತದೆ ಎಂಬುದರ ಮೇಲೆ ನಂಬರ್ ನಿಂತಿಲ್ಲ, ಆದ್ದರಿಂದ ಓದು ಬದಲಾದರೂ ಅದು ಅಲುಗುವುದಿಲ್ಲ. ನಮ್ಮ ನಾಲ್ವರ ಎಕ್ಸೆಲ್ ಶೀಟ್‌ಗಳನ್ನು ಸೇರಿಸುವಾಗ ಇದರ ಬೆಲೆ ಗೊತ್ತಾಯಿತು. ನಾಲ್ಕರಲ್ಲೂ 1ನೇ ನಂಬರ್ ಇದೆ. ನಂಬರ್ ಒಂದನ್ನೇ ಕೀ ಮಾಡಿದರೆ ಎರಡನೇ ತಾಲ್ಲೂಕಿನ ಮೊದಲ ಸಾಲಿಗೇ ‘ಡೂಪ್ಲಿಕೇಟ್ ಎಂಟ್ರಿ’ ಎಂದು ಡೇಟಾಬೇಸ್ ಬಾಗಿಲು ಹಾಕುತ್ತದೆ. ಹಾಗೆ ಬಾಗಿಲು ಹಾಕುವುದು ಒಳ್ಳೆಯದೇ. ಕೀ ಇಲ್ಲದ ಟೇಬಲ್ ಎಲ್ಲವನ್ನೂ ನಗುನಗುತ್ತಾ ಒಳಗೆ ಬಿಟ್ಟುಕೊಳ್ಳುತ್ತದೆ, ತೊಂದರೆ ಆರು ತಿಂಗಳ ನಂತರ ಗೊತ್ತಾಗುತ್ತದೆ. ಅಂಥ ಟೇಬಲ್ ಕೈಗೆ ಬಂದರೆ ಮೊದಲು ಮಾಡಬೇಕಾದ ಕೆಲಸ: ತಾಲ್ಲೂಕು, ನಂಬರ್ ಎರಡರ ಮೇಲೆ ಗ್ರೂಪ್ ಬೈ ಹಾಕಿ, ಕೌಂಟ್ ಒಂದಕ್ಕಿಂತ ಹೆಚ್ಚಿರುವ ಸಾಲುಗಳನ್ನು ಹ್ಯಾವಿಂಗ್‌ನಿಂದ ಹೊರಗೆಳೆಯುವುದು.

ತಾಲ್ಲೂಕಿನ ಹೆಸರನ್ನು ಪ್ರತಿ ಸಲ ಪೂರ್ತಿ ಬರೆಯುವುದೂ ಅಪಾಯ. ರೈಸ್ ಎರಡಕ್ಷರದ ಸಂಕೇತ ಬಳಸಿದರು: ಹೊಳಲ್ಕೆರೆಗೆ ಎಚ್‌ಕೆ, ಮೊಳಕಾಲ್ಮೂರಿಗೆ ಎಂಕೆ, ದಾವಣಗೆರೆಗೆ ಡಿಜಿ. ಒಂದಕ್ಷರ ಸಾಲುತ್ತಿರಲಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಎಚ್. ಆಚೆಗೆ ಹಾಸನ, ಹುಣಸೂರು, ಹೊಸಕೋಟೆ, ಹೊನ್ನಾಳಿ, ಹೆಗ್ಗಡದೇವನಕೋಟೆ ಬೇರೆ ಇವೆ. ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇನ್ನೊಂದು ಕಾಟ. ಹೊಳಲ್ಕೆರೆ ಎಂಬುದನ್ನು ಒಬ್ಬರು ಒತ್ತಕ್ಷರ ಕೊಟ್ಟು, ಇನ್ನೊಬ್ಬರು ಲ ಕಾರವನ್ನು ಅರ್ಧಕ್ಕೆ ನಿಲ್ಲಿಸಿ ಬರೆಯುತ್ತಾರೆ. ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಉಳಿದಿರುತ್ತದೆ. ಓದುವವರಿಗೆ ಎಲ್ಲವೂ ಒಂದೇ ಊರು, ಕಂಪ್ಯೂಟರಿಗೆ ಮೂರು ಊರು. ಜಾಯಿನ್ ಹಾಕಿದಾಗ ಸಾಲುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಲೆಫ್ಟ್ ಜಾಯಿನ್ ಹಾಕಿ, ಬಲಗಡೆ ನಲ್ ಬಂದ ಸಾಲುಗಳನ್ನು ಮಾತ್ರ ತೆಗೆದು ನೋಡಿದರೆ ಅನಾಥವಾದವು ಯಾವುವು ಅಂತ ತಿಳಿಯುತ್ತದೆ. ಶಾಶ್ವತ ಮದ್ದು ಎಂದರೆ ತಾಲ್ಲೂಕಿನ ಹೆಸರು ಒಂದೇ ಟೇಬಲ್‌ನಲ್ಲಿ ಒಂದೇ ಸಲ, ಉಳಿದ ಕಡೆ ಸಂಕೇತ ಮಾತ್ರ, ಮೇಲೆ ಫಾರಿನ್ ಕೀ.

ಸಂಪುಟದ ರಚನೆಯಲ್ಲೂ ಇದೇ ಬುದ್ಧಿ ಇದೆ. ಅನುವಾದ ಒಂದು ಭಾಗ, ರೋಮನ್ ಲಿಪಿಯ ಪಾಠ ಇನ್ನೊಂದು, ಕನ್ನಡ ಲಿಪಿಯ ಪಾಠ ಮತ್ತೊಂದು. ಮೂರಕ್ಕೂ ಅದೇ ತಾಲ್ಲೂಕು, ಅದೇ ನಂಬರ್. ಬೆರಳು ಮಡಚಿ ಮೂರು ಪುಟ ಹಿಡಿದುಕೊಂಡು ಓದುವವರು ಮಾಡುತ್ತಿರುವುದು ಜಾಯಿನ್ ಅಲ್ಲದೆ ಮತ್ತೇನು?

ರೈಸ್ ಬದುಕಿನ ದೊಡ್ಡ ದಿನಗಳು ಬಂದದ್ದು 1892ರಲ್ಲಿ, ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಹೀಗೆ ಹತ್ತಿರ ಹತ್ತಿರದ ಮೂರು ಕಡೆ ಬಂಡೆಯ ಮೇಲೆ ಅಶೋಕನ ಶಾಸನಗಳನ್ನು ಅವರು ಗುರುತಿಸಿದರು. ಮೌರ್ಯರ ಆಡಳಿತ ಇಷ್ಟು ದಕ್ಷಿಣಕ್ಕೆ ಚಾಚಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು.

ಟೇಬಲ್ ಡಿಸೈನ್ ಮಾಡುವವರು ಇಲ್ಲಿ ಒಂದು ದಿನ ಕೂರಬೇಕು. ಮೂರೂ ಕಡೆ ಹೆಚ್ಚೂಕಡಿಮೆ ಒಂದೇ ಆಜ್ಞೆ. ಹಾಗಿದ್ದರೆ ಇವು ಮೂರು ಸಾಲೋ, ಒಂದು ಸಾಲೋ? ಎರಡೂ ಸರಿ, ಯಾಕೆಂದರೆ ನಾವು ಎರಡು ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಆಜ್ಞೆ ಒಂದು, ಬಂಡೆ ಮೂರು. ‘ಪಠ್ಯ’ ಒಂದು ಟೇಬಲ್, ‘ಕಲ್ಲು’ ಇನ್ನೊಂದು. ಇನ್ನೂ ಒಂದು ಸ್ವಾರಸ್ಯ: ಬ್ರಹ್ಮಗಿರಿಯ ಬರಹದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ, ಮತ್ತು ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಗಡಿಯ, ಬಲದಿಂದ ಎಡಕ್ಕೆ ಓಡುವ ಲಿಪಿ ಅದು. ಮೊಳಕಾಲ್ಮೂರಿನ ಬಂಡೆಯ ಮೇಲೆ! ಈಗ ‘ಲಿಪಿ’ ಎಂಬ ಕಾಲಂಗೆ ಏನು ತುಂಬುತ್ತೀರಿ? ಬ್ರಾಹ್ಮಿ, ಕಾಮಾ, ಖರೋಷ್ಠಿ ಎಂದು ಒಂದೇ ಕೋಶದಲ್ಲಿ ತುರುಕಿದರೆ ಫಸ್ಟ್ ನಾರ್ಮಲ್ ಫಾರ್ಮ್ ಮುರಿಯಿತು. ಖರೋಷ್ಠಿ ಎಂದು ಹುಡುಕುವವರಿಗೆ ಚಪಡ ಸಿಗುವುದೇ ಇಲ್ಲ. ಲಿಪಿಗೆ ಬೇರೆ ಟೇಬಲ್ ಮಾಡಿ, ಕಲ್ಲಿಗೂ ಲಿಪಿಗೂ ನಡುವೆ ಒಂದು ಜೋಡಣೆಯ ಟೇಬಲ್ ಇಡಬೇಕು. ಆಗ ಇನ್ನೊಂದು ಸಮಸ್ಯೆ ಎದ್ದು ಬರುತ್ತದೆ, ಎಚ್ಚರ. ಒಂದು ಕಲ್ಲಿಗೆ ಎರಡು ಲಿಪಿ, ಮೂರು ವ್ಯಕ್ತಿಗಳ ಹೆಸರು ಇದ್ದು ಎಲ್ಲವನ್ನೂ ಒಟ್ಟಿಗೆ ಜಾಯಿನ್ ಮಾಡಿದರೆ ಆ ಒಂದು ಕಲ್ಲು ಆರು ಸಾಲಾಗಿ ಬರುತ್ತದೆ. ಕೌಂಟ್ ಮಾಡಿದರೆ ಜಿಲ್ಲೆಯ ಶಾಸನಗಳು ರಾತ್ರೋರಾತ್ರಿ ದುಪ್ಪಟ್ಟು. ಅಲ್ಲಿ ಕಲ್ಲಿನ ಕೀ ಮೇಲೆ ಡಿಸ್ಟಿಂಕ್ಟ್ ಹಾಕಿ ಎಣಿಸಬೇಕು.

ತೇದಿಯ ಕಾಲಂ ಇನ್ನೂ ಮಜಾ. ಕಲ್ಲು ಹೇಳುವುದು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಶಕ 1050 ಎಂದರೆ 78 ಕೂಡಿಸಿ ಕ್ರಿ.ಶ. 1128, ಆದರೆ ಚಾಂದ್ರಮಾನ ವರ್ಷ ಯುಗಾದಿಗೆ ಶುರುವಾಗುವುದರಿಂದ ಕೊನೆಯ ತಿಂಗಳುಗಳು 1129ಕ್ಕೆ ಜಾರುತ್ತವೆ. ಸಂವತ್ಸರವಷ್ಟೇ ಇದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು. ಹೇಳಿದ ತಿಥಿಗೂ ವಾರಕ್ಕೂ ಹೊಂದದ ಶಾಸನಗಳೂ ಇವೆ. ಇದರ ಮೇಲೆ ಮೈಎಸ್‌ಕ್ಯೂಎಲ್‌ನ ಡೇಟ್ ಟೈಪ್ ಅಧಿಕೃತವಾಗಿ ಒಪ್ಪುವುದು ಕ್ರಿ.ಶ. 1000ದಿಂದ ಈಚೆಗೆ. ಅಶೋಕನಿಗೂ ಕದಂಬರಿಗೂ ಅದರಲ್ಲಿ ಜಾಗವಿಲ್ಲ. ಕಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬೇರೆ ಬೇರೆ ಕಾಲಂಗಳಲ್ಲಿ ಇಟ್ಟು, ನಾವು ಲೆಕ್ಕ ಹಾಕಿದ ಕ್ರಿಸ್ತಶಕವನ್ನು ಯಾರ ಲೆಕ್ಕ ಎಂಬ ಹೆಸರಿನೊಂದಿಗೆ ಪ್ರತ್ಯೇಕ ಇಡುವುದೇ ದಾರಿ. ರೈಸ್ ಕೂಡ ಪಾಠವನ್ನು ಒಂದು ಕಡೆ, ಕಾಲಾನುಕ್ರಮದ ಪಟ್ಟಿಯನ್ನು ಇನ್ನೊಂದು ಕಡೆ ಇಟ್ಟಿದ್ದರು.

ರೈಸ್ ಕಾಲದ ಚಿತ್ರದುರ್ಗ ಜಿಲ್ಲೆಯಲ್ಲಿ ದಾವಣಗೆರೆ, ಜಗಳೂರು ಇದ್ದವು. 1997ರಲ್ಲಿ ಅವು ಹೊಸ ದಾವಣಗೆರೆ ಜಿಲ್ಲೆಗೆ ಹೋದವು. ಪ್ರತಿ ಶಾಸನದ ಸಾಲಿನಲ್ಲೂ ಜಿಲ್ಲೆಯ ಹೆಸರು ಬರೆದಿದ್ದರೆ ನೂರಾರು ಸಾಲು ತಿದ್ದಬೇಕು. ಹತ್ತು ಉಳಿದುಹೋದರೆ ಅದೇ ತಾಲ್ಲೂಕು ಎರಡು ಜಿಲ್ಲೆಯಲ್ಲಿ ಕಾಣುತ್ತದೆ. ಜಿಲ್ಲೆ ಯಾವುದು ಎಂಬುದು ಶಾಸನದಿಂದಲ್ಲ, ತಾಲ್ಲೂಕಿನಿಂದ ಗೊತ್ತಾಗುವ ವಿಷಯ. ಅದನ್ನು ತಾಲ್ಲೂಕಿನ ಟೇಬಲ್‌ನಲ್ಲಿ ಇಟ್ಟರೆ ಎರಡೇ ಸಾಲು ತಿದ್ದಿದರೆ ಮುಗಿಯಿತು. ಥರ್ಡ್ ನಾರ್ಮಲ್ ಫಾರ್ಮ್ ಎಂದರೆ ಇಷ್ಟೇ. ಸಂದರ್ಶನದಲ್ಲಿ ಟ್ರಾನ್ಸಿಟಿವ್ ಡಿಪೆಂಡೆನ್ಸಿಗೆ ಉದಾಹರಣೆ ಕೇಳಿದರೆ ನಾನಂತೂ ಜಗಳೂರನ್ನೇ ಹೇಳುವವ.

ಈ ನಾರ್ಮಲ್ ಫಾರ್ಮ್‌ಗಳಿಗೆ ಹೆಸರಿಟ್ಟ ಎಡ್ಗರ್ ಕಾಡ್, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂನಲ್ಲಿ ದುಡಿದ ಗಣಿತಜ್ಞ. ರಿಲೇಷನಲ್ ಮಾಡೆಲ್ ಕುರಿತ ಅವರ ಪ್ರಬಂಧ ಬಂದದ್ದು 1970ರಲ್ಲಿ, ಟ್ಯೂರಿಂಗ್ ಪ್ರಶಸ್ತಿ 1981ರಲ್ಲಿ. ರೈಸ್ ತೀರಿಕೊಂಡಾಗ ಕಾಡ್ ಇನ್ನೂ ನಾಲ್ಕು ತುಂಬದ ಮಗು. ರೈಸ್ ರಿಲೇಷನಲ್ ಡೇಟಾಬೇಸ್ ಕಂಡುಹಿಡಿದರು ಎಂದು ನಾನು ಹೇಳುತ್ತಿಲ್ಲ, ಅಂಥ ಹೆಮ್ಮೆಯ ಮಾತುಗಳು ವಾಟ್ಸ್‌ಆ್ಯಪ್‌ನಲ್ಲಿ ಬೇಕಾದಷ್ಟಿವೆ. ಪುಸ್ತಕದ ಪುಟದಲ್ಲಾದರೂ ಡಿಸ್ಕ್‌ನಲ್ಲಾದರೂ, ಬಹಳ ಸಂಗತಿಗಳನ್ನು ಒಪ್ಪವಾಗಿ ಇಡಲು ಕೂತವರಿಗೆ ಎದುರಾಗುವ ತೊಡಕುಗಳು ಒಂದೇ ಎಂದಷ್ಟೇ ನನ್ನ ಮಾತು.

ರೈಸ್ ಪ್ರತಿ ಶಾಸನದ ತಲೆಯ ಮೇಲೆ ಅದು ಇರುವ ಜಾಗವನ್ನು ಬರೆಯುತ್ತಾರೆ: ಇಂಥ ಊರು, ಇಂಥ ಗುಡಿಯ ಹತ್ತಿರದ ಕಲ್ಲು. ನಾವು ಭಾನುವಾರಗಳಂದು ಬೈಕ್ ಹತ್ತಿ ಅವನ್ನು ಹುಡುಕಿ ಹೊರಟೆವು. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗುಡಿ ಇತ್ತು, ಕಲ್ಲು ಇರಲಿಲ್ಲ. ಗುಡಿ ಹೊಸದಾಗಿ ಕಟ್ಟುವಾಗ ನೆಲಕ್ಕೆ ಹಾಸಿರಬಹುದು ಎಂದು ಒಬ್ಬ ಅಜ್ಜ ಹೇಳಿದರು. ಟೈಲ್ಸ್ ಹೊಳೆಯುತ್ತಿದ್ದವು. ಆ ಊರಿಗೆ ಯಾರೋ ಬಿಟ್ಟ ಗದ್ದೆಯ ಲೆಕ್ಕ ಈಗ ಇರುವುದು ಸಂಪುಟದ ಕೆಲವು ಸಾಲುಗಳಲ್ಲಿ ಮಾತ್ರ. ಟೇಬಲ್‌ನಲ್ಲಿ ‘ಸ್ಥಳ’ ಎಂಬ ಒಂದೇ ಕಾಲಂ ಇಟ್ಟು ಅದನ್ನು ಅಪ್‌ಡೇಟ್ ಮಾಡಿದರೆ ರೈಸ್ ಕಂಡ ಜಾಗ ಅಳಿಸಿಹೋಗುತ್ತದೆ, ಮಾಡದಿದ್ದರೆ ಇಲ್ಲದ ಕಲ್ಲನ್ನು ಇದೆ ಎಂದಂತಾಗುತ್ತದೆ. ಆದ್ದರಿಂದ ‘ಕಂಡದ್ದು’ ಎಂಬ ಬೇರೆ ಟೇಬಲ್ ಮಾಡಿದೆವು. ಯಾವ ಕಲ್ಲು, ಯಾರು ನೋಡಿದರು, ಯಾವಾಗ, ಎಲ್ಲಿ, ಯಾವ ಸ್ಥಿತಿಯಲ್ಲಿ. ಪ್ರತಿ ಕಲ್ಲಿಗೂ ಮೊದಲ ಸಾಲು ರೈಸ್ ಅವರದು. ಎರಡನೆಯದು ನಮ್ಮದು, ಕೆಲವು ಕಡೆ ‘ಸಿಗಲಿಲ್ಲ’ ಎಂದು. ನಮ್ಮ ತಂಡದ ಹಿರಿಯೂರಿನ ಹುಡುಗಿ ಆ ಕಾಲಂಗೆ ‘ಇಲ್ಲ’ ಎಂಬ ಪದವನ್ನು ಒಪ್ಪಲೇ ಇಲ್ಲ. ಸಿಗಲಿಲ್ಲ ಬೇರೆ, ಇಲ್ಲ ಬೇರೆ ಎಂಬುದು ಅವಳ ವಾದ. ನಲ್ ಬಗ್ಗೆ ಇಷ್ಟು ಚೆನ್ನಾದ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಿವೃತ್ತಿಯ ನಂತರ ರೈಸ್ ಇಂಗ್ಲೆಂಡಿಗೆ ಹೋದರು. 1909ರಲ್ಲಿ ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಇತಿಹಾಸ ಬರೆದು ಪ್ರಕಟಿಸಿದರು. 1927ರ ಜುಲೈನಲ್ಲಿ, 90ರ ಹೊಸ್ತಿಲಲ್ಲಿ, ಹ್ಯಾರೋದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ನಂಬರುಗಳಿಗೆ ಪೆಟ್ಟು ಬೀಳಲು ಶುರುವಾಗಿತ್ತು. ಶ್ರವಣಬೆಳಗೊಳದಲ್ಲಿ ಅವರು 1889ರಲ್ಲಿ ಕೊಟ್ಟದ್ದು 144 ಶಾಸನ. ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಸಂಪುಟದಲ್ಲಿ ಅದನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಸಂಪುಟದಲ್ಲಿ 573. ಸಂಖ್ಯೆ ಬೆಳೆದದ್ದು ಸಂತೋಷ, ಆದರೆ ಒಂದು ಕಲ್ಲಿಗೆ ಮೂರು ಪುಸ್ತಕದಲ್ಲಿ ಮೂರು ನಂಬರ್ ಇರಬಹುದು. ಹಳೆಯ ಲೇಖನದಲ್ಲಿ ಸಿಕ್ಕ ನಂಬರನ್ನು ಹೊಸ ಸಂಪುಟದಲ್ಲಿ ಹುಡುಕಿದರೆ ಬೇರೆ ಯಾವುದೋ ಶಾಸನ ಸಿಗುತ್ತದೆ.

ಹಾಗಿದ್ದರೂ ರೈಸ್ ನಂಬರನ್ನೇ ನಮ್ಮ ಕೀ ಮಾಡಿಕೊಳ್ಳೋಣ, ನಮ್ಮದು ಚಿತ್ರದುರ್ಗ ತಾನೇ ಎಂಬ ಮಾತು ತಂಡದಲ್ಲಿ ಬಂತು. ಅದನ್ನು ನಿಲ್ಲಿಸಿದ್ದು ಚಂದ್ರವಳ್ಳಿ. ರೈಸ್ ತೀರಿಕೊಂಡು ಎರಡು ವರ್ಷಕ್ಕೆ, 1929ರಲ್ಲಿ, ದುರ್ಗದ ಬೆಟ್ಟದ ಬುಡದಲ್ಲೇ ಕದಂಬ ಮಯೂರಶರ್ಮನ ಶಾಸನವನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಕೆರೆ ಕಟ್ಟಿಸಿದ ವಿಷಯದ ಪ್ರಾಕೃತ ಬರಹ ಅದು, ಸವೆದದ್ದು. ಅದರ ಓದಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಇದೆ. ಜಿಲ್ಲೆಯ ಅತಿ ಮುಖ್ಯ ಶಾಸನಗಳಲ್ಲಿ ಒಂದಾದ ಅದಕ್ಕೆ ರೈಸ್ ನಂಬರ್ ಇಲ್ಲ, ಪ್ರೈಮರಿ ಕೀ ಖಾಲಿ ಇರುವಂತಿಲ್ಲ. ಹಾಗಾಗಿ ಪ್ರತಿ ಕಲ್ಲಿಗೂ ಯಾವ ಅರ್ಥವೂ ಇಲ್ಲದ ನಮ್ಮದೇ ಒಂದು ಐಡಿ ಕೊಟ್ಟೆವು. ಪುಸ್ತಕಗಳ ನಂಬರುಗಳು ‘ಸೂಚಿ’ ಎಂಬ ಟೇಬಲ್‌ಗೆ ಹೋದವು: ಕಲ್ಲಿನ ಐಡಿ, ಯಾವ ಪ್ರಕಟಣೆ, ಯಾವ ತಾಲ್ಲೂಕು, ಯಾವ ನಂಬರ್. ಪ್ರಕಟಣೆ, ತಾಲ್ಲೂಕು, ನಂಬರ್ ಮೂರೂ ಸೇರಿ ಯುನೀಕ್ ಆಗಿರಬೇಕು ಎಂಬ ಷರತ್ತು ಹಾಕಿದ್ದೇವೆ. ಬ್ರಹ್ಮಗಿರಿಯ ಬಂಡೆಗೆ ಅಲ್ಲಿ ರೈಸ್ ಹೆಸರಿನ ಸಾಲು ಇದೆ. ಚಂದ್ರವಳ್ಳಿಗೆ ಮೈಸೂರು ಪುರಾತತ್ವ ಇಲಾಖೆಯ 1929ರ ವರದಿಯ ಸಾಲಿದೆ.